ಕಾಸರಗೋಡಿನ ಮನೆಯಂಗಳದಲ್ಲಿ ಮೊಯಿನಾ ಸಾಕುವುದು ಹೇಗೆ?

ಫೈಟರ್ ಮೀನಿನ ಮರಿಗಳು ಈಜಲು ಶುರು ಮಾಡಿದ ಮೇಲೆ ನಿಜವಾದ ಚಿಂತೆ ಶುರುವಾಗುತ್ತದೆ. ಪುಡಿ ಆಹಾರ ಹಾಕಿದರೆ ಅವು ತಿರುಗಿಯೂ ನೋಡುವುದಿಲ್ಲ. ಕಣ್ಣೆದುರು ಅಲ್ಲಾಡುವುದನ್ನು ಮಾತ್ರ ಹಿಡಿಯುತ್ತವೆ. ಮೊದಲ ಕೆಲವು ದಿನ ಬರಿಗಣ್ಣಿಗೆ ಕಾಣದ ನೀರಿನ ಸೂಕ್ಷ್ಮಜೀವಿಗಳು, ಅಂದರೆ ಇನ್ಫ್ಯೂಸೋರಿಯಾ, ಸಾಕು. ಒಂದು ವಾರ ಕಳೆದ ಮೇಲೆ ಸ್ವಲ್ಪ ದೊಡ್ಡ ತುತ್ತು ಬೇಕು. ಆ ಹೊತ್ತಿಗೆ ಮನೆಯಲ್ಲಿ ಒಂದು ತೊಟ್ಟಿ ಮೊಯಿನಾ, ಅಂದರೆ ಡಾಫ್ನಿಯಾದ ಬಳಗದ ಸಣ್ಣ ನೀರುಜೀವಿ, ಇದ್ದರೆ ಮರಿ ಉಳಿಸುವುದು ಅರ್ಧ ಸುಲಭವಾಗುತ್ತದೆ.

ಡಾಫ್ನಿಯಾ ಎಂದರೆ ನೀರುಚಿಗಟ. ಹೆಸರು ಚಿಗಟ ಅಂತ ಇದ್ದರೂ ಇದು ಹುಳವಲ್ಲ, ಸಿಗಡಿ ಏಡಿಗಳ ದೂರದ ನೆಂಟ. ನೀರಿನಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಈಜುವುದರಿಂದ ಈ ಹೆಸರು. ಇದರ ಬಂಧುಗಳಲ್ಲಿ ಚಿಕ್ಕದು ಮೊಯಿನಾ. ದೊಡ್ಡ ಜಾತಿಯ ಡಾಫ್ನಿಯಾ ಮ್ಯಾಗ್ನಾ 5 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ಮೊಯಿನಾ ಒಂದು, ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಆಗ ತಾನೇ ಹುಟ್ಟಿದ ಮೊಯಿನಾ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ.

ನಮ್ಮ ಊರಿಗೆ ಯಾವುದು ಒಳ್ಳೆಯದು? ನನ್ನ ಉತ್ತರ ಮೊಯಿನಾ. ಮ್ಯಾಗ್ನಾಕ್ಕೆ 20 ಡಿಗ್ರಿ ಆಸುಪಾಸಿನ ತಂಪು ಬೇಕು. 28 ದಾಟಿದರೆ ಅದು ಸೊರಗುತ್ತದೆ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಏಪ್ರಿಲ್ ಮಧ್ಯಾಹ್ನ ಅಂಗಳದ ನೀರು ಎಷ್ಟು ಬಿಸಿಯಾಗುತ್ತದೆ ಅಂತ ನಿಮಗೇ ಗೊತ್ತಲ್ವಾ? ಮೊಯಿನಾ ಹಾಗಲ್ಲ. 24ರಿಂದ 31 ಡಿಗ್ರಿವರೆಗೆ ಅದು ಖುಷಿಯಾಗಿಯೇ ಇರುತ್ತದೆ. ಮಳೆಗಾಲದಲ್ಲಿ ತುಂಬಿ ಬೇಸಿಗೆಗೆ ಬತ್ತಿ ಹೋಗುವ ಹೊಂಡಗಳೇ ಅದರ ತವರು. ಎಸಿ ಕೋಣೆಯಲ್ಲಿ ಮ್ಯಾಗ್ನಾ ಸಾಕುವವರೂ ಇದ್ದಾರೆ, ಸಾಕಲಿ. ಹೊಸದಾಗಿ ಶುರು ಮಾಡುವವರು ಮೊಯಿನಾ ಹಿಡಿದುಕೊಳ್ಳಿ.

ತೊಟ್ಟಿ ಮತ್ತು ಜಾಗ

40 ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಹಳೆಯ ಡ್ರಮ್ಮನ್ನು ಅಡ್ಡಕ್ಕೆ ಕತ್ತರಿಸಿದರೂ ಆಗುತ್ತದೆ. ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ವಿಚಾರಿಸಿ. ಕೀಟನಾಶಕ ಅಥವಾ ಆಸಿಡ್ ಇದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಆಳಕ್ಕಿಂತ ಅಗಲ ಮುಖ್ಯ. ಬಾಯಿ ಅಗಲವಾಗಿದ್ದಷ್ಟೂ ನೀರಿಗೆ ಗಾಳಿ ಚೆನ್ನಾಗಿ ಸೇರುತ್ತದೆ.

ಒಂದೇ ತೊಟ್ಟಿ ಇಟ್ಟು ಕೂರಬೇಡಿ. ಕನಿಷ್ಠ ಮೂರು ಬೇಕು. ಮೊಯಿನಾ ಎಷ್ಟು ಬೇಗ ತುಂಬುತ್ತದೋ ಅಷ್ಟೇ ಬೇಗ ಒಂದು ರಾತ್ರಿಯಲ್ಲಿ ಖಾಲಿಯಾಗುತ್ತದೆ. ಎಷ್ಟೇ ಅನುಭವ ಇದ್ದರೂ ಇದು ತಪ್ಪುವುದಿಲ್ಲ. ಎರಡು ತೊಟ್ಟಿ ಬಿದ್ದರೂ ಮೂರನೆಯದರಿಂದ ಮತ್ತೆ ಶುರು ಮಾಡಬಹುದು.

ಬೆಳಗ್ಗಿನ ಎಳೆ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಒಳ್ಳೆಯದು. ನಮ್ಮಲ್ಲಿ ಜಗಲಿಯ ಪೂರ್ವದ ಬದಿಯಲ್ಲಿ ಮಾಡಿನ ಕೆಳಗೆ ಇಟ್ಟಿದ್ದೇವೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಬಯಲಿನಲ್ಲಿ ಇಟ್ಟರೆ ಜೂನ್ ತಿಂಗಳ ಒಂದೇ ರಾತ್ರಿಯಲ್ಲಿ ತೊಟ್ಟಿ ತುಂಬಿ, ಮೊಯಿನಾ ಪೂರ್ತಿ ಅಂಗಳದ ನೀರಿನ ಜೊತೆ ತೋಡು ಸೇರುತ್ತದೆ. ಬಯಲಿನಲ್ಲೇ ಇಡಬೇಕಾದರೆ ಅಂಚಿನಿಂದ ಎರಡು ಇಂಚು ಕೆಳಗೆ ಒಂದು ತೂತು ಕೊರೆದು, ಒಳಗಿನಿಂದ ತೆಳು ಬಟ್ಟೆ ಅಂಟಿಸಿ. ನೀರು ಹೋಗುತ್ತದೆ, ಮೊಯಿನಾ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಎಂಟು ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ನಮ್ಮಲ್ಲಿ ಪ್ರತಿ ಮಳೆಗಾಲವೂ ಡೆಂಗಿ ಭಯ ಇದೆ. ನಾವು ಮೀನಿಗೆ ಆಹಾರ ಮಾಡಲು ಹೋಗಿ ಪಕ್ಕದ ಮನೆಯ ಮಗುವಿಗೆ ಜ್ವರ ತರಿಸಬಾರದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ನಾನೇ ಪರದೆ ಬಿಚ್ಚಿ ತೋರಿಸುತ್ತೇನೆ. ಪರದೆ ಇದ್ದರೆ ತೊಟ್ಟಿಯೊಳಗೆ ಏರೋಪ್ಲೇನ್ ಚಿಟ್ಟೆ ಮೊಟ್ಟೆ ಇಡುವುದೂ ತಪ್ಪುತ್ತದೆ. ಅದರ ಒಂದೇ ಒಂದು ಮರಿಹುಳ ಸಾಕು, ಮೊಯಿನಾ ತಿಂದು ಮುಗಿಸಲು.

ನೀರು

ಬಾವಿ ನೀರು, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು, ಮಳೆ ನೀರು ಯಾವುದಾದರೂ ಆಗುತ್ತದೆ. ಆದರೆ ಮುರಕಲ್ಲಿನ ನೆಲದಿಂದ ಬರುವ ನಮ್ಮ ನೀರಿಗೆ ಒಂದು ಗುಣ ಇದೆ. ಅದು ಮೃದು, ಸುಣ್ಣದ ಅಂಶ ಕಡಿಮೆ, ಸ್ವಲ್ಪ ಹುಳಿ. ಪಿಎಚ್ ಆರರ ಆಸುಪಾಸು ಇರುವುದು ಸಾಮಾನ್ಯ. ಮೊಯಿನಾ ಬೆಳೆಯುವಾಗ ಮತ್ತೆ ಮತ್ತೆ ಮೈಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು. ಪಿಎಚ್ ಏಳರಿಂದ ಎಂಟರ ನಡುವೆ ಇದ್ದರೆ ಚೆನ್ನ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಮರುವಾಯಿ, ಅಂದರೆ ಚಿಪ್ಪುಮೀನು, ತಿನ್ನುವವರ ಮನೆಯಲ್ಲಿ ಚಿಪ್ಪು ಸಿಗುತ್ತದೆ. ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದು ಹಿಡಿ ಚಿಪ್ಪನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಯ ತಳದಲ್ಲಿ ಇಡಿ. ಮೀನು ಮಾಂಸ ತಿನ್ನದ ಮನೆಯವರು ಅಕ್ವೇರಿಯಂ ಅಂಗಡಿಯಿಂದ ಹವಳದ ಚೂರು ತರಬಹುದು. ಅದು ನಿಧಾನವಾಗಿ ಕರಗಿ ನೀರನ್ನು ಸರಿ ಮಾಡುತ್ತದೆ. ಎಲೆ ಅಡಿಕೆಯ ಸುಣ್ಣ ಹಾಕಿದರೆ ಆಗದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಅದು ಒಮ್ಮೆಲೇ ಪಿಎಚ್ ಏರಿಸಿ ಎಲ್ಲವನ್ನೂ ಕೊಲ್ಲುತ್ತದೆ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ರೂಢಿ. ಹಾಕಿದ ವಾರ ಆ ನೀರು ಮುಟ್ಟಬೇಡಿ. ಬೇರೆ ದಾರಿ ಇಲ್ಲದಿದ್ದರೆ ನೀರನ್ನು ಅಗಲ ಪಾತ್ರೆಯಲ್ಲಿ ತೆರೆದು, ಎರಡು ಮೂರು ದಿನ ಬಿಸಿಲಲ್ಲಿ ಇಟ್ಟು ಬಳಸಿ. ಎಲ್ಲಕ್ಕಿಂತ ಒಳ್ಳೆಯದು ಅಕ್ವೇರಿಯಂನಿಂದ ಬದಲಿಸಿ ತೆಗೆದ ಹಳೆಯ ನೀರು. ಅದರಲ್ಲಿ ಕ್ಲೋರಿನ್ ಇಲ್ಲ, ಒಳ್ಳೆಯ ಬ್ಯಾಕ್ಟೀರಿಯಾ ಇದೆ. ಮೀನಿಗೆ ಔಷಧಿ ಹಾಕಿದ ನೀರು ಮಾತ್ರ ಬೇಡ.

ಮೈಲುತುತ್ತಿನ ವಿಷಯ

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಯಾಕೆಂದರೆ ಬೇರೆ ಊರಿನವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಇರುವುದಿಲ್ಲ. ಅಡಿಕೆ ತೋಟ ಇರುವ ನಮಗೆ ಇದೇ ದೊಡ್ಡ ಅಪಾಯ.

ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಮದ್ದಿನಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ನೀರುಚಿಗಟಗಳಿಗೆ ತಾಮ್ರದಷ್ಟು ಕೆಟ್ಟದ್ದು ಇನ್ನೊಂದಿಲ್ಲ ಅಂತಲೇ ಹೇಳಬೇಕು. ಒಂದು ಲೀಟರ್ ಮೃದು ನೀರಿನಲ್ಲಿ ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು ತಾಮ್ರ ಇದ್ದರೂ ಅವು ಉಳಿಯುವುದಿಲ್ಲ. ನಮ್ಮ ನೀರು ಮೃದುವಾಗಿರುವುದರಿಂದ ಪೆಟ್ಟು ಇನ್ನೂ ಜಾಸ್ತಿ.

ನನಗೆ ಇದು ಗೊತ್ತಾದದ್ದು ಮೂರು ತೊಟ್ಟಿ ಕಳೆದುಕೊಂಡ ಮೇಲೆ. ಒಂದು ಜೂನ್‌ನಲ್ಲಿ ತೋಟಕ್ಕೆ ಮದ್ದು ಬಿಟ್ಟು ಮುಗಿದಿತ್ತು. ಮದ್ದು ಕಲಸಲು ಬಳಸಿದ ಬಕೆಟನ್ನು ಮೂರು ಸಲ ತೊಳೆದೆ. ಕಣ್ಣಿಗೆ ಸ್ವಚ್ಛವಾಗಿಯೇ ಕಂಡಿತು. ಅದರಲ್ಲೇ ನೀರು ಎತ್ತಿ ತೊಟ್ಟಿಗಳಿಗೆ ಹಾಕಿದೆ. ಮರುದಿನ ಬೆಳಗ್ಗೆ ನೋಡಿದರೆ ತಳದಲ್ಲಿ ಬಿಳಿ ಧೂಳಿನ ಹಾಗೆ ಎಲ್ಲವೂ ಬಿದ್ದಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಆವತ್ತಿನಿಂದ ಮೊಯಿನಾಕ್ಕೆ ಬೇರೆಯೇ ಬಕೆಟ್, ಬೇರೆಯೇ ಪೈಪ್. ಅದಕ್ಕೆ ಹಸಿರು ಹಗ್ಗ ಕಟ್ಟಿದ್ದೇನೆ, ಮನೆಯವರೆಲ್ಲರಿಗೂ ಗುರುತು.

ಮದ್ದು ಬಿಡುವ ದಿನ ತೊಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಾಳಿಗೆ ತುಂತುರು ತುಂಬಾ ದೂರ ಬರುತ್ತದೆ. ತೋಟದ ಕಣಿಯ ನೀರು, ಮದ್ದು ಬಿಟ್ಟ ತೋಟದ ಕೆಳಗಿನ ಕೆರೆಯ ನೀರು ಬೇಡ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ನಿಂತ ನೀರೂ ಬೇಡ.

ನೀರಿಗೆ ವಿಷ ಬಿದ್ದರೆ ಮೊದಲು ಸಾಯುವುದು ಇವೇ. ಅದಕ್ಕೇ ಪ್ರಯೋಗಾಲಯಗಳಲ್ಲಿ ನೀರಿನ ವಿಷ ಅಳೆಯಲು ಡಾಫ್ನಿಯಾ ಬಳಸುತ್ತಾರೆ. 48 ಗಂಟೆ ಬಿಟ್ಟು, ಎಷ್ಟು ಅಲ್ಲಾಡುವುದು ನಿಲ್ಲಿಸಿದವು ಅಂತ ಎಣಿಸುತ್ತಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ಇದು. 2000ದವರೆಗೂ ಆ ಸಿಂಪಡಣೆ ನಡೆದಿತ್ತು. ತೊಟ್ಟಿಯ ಮುಂದೆ ಕೂತಾಗ ಆ ವರ್ಷಗಳಲ್ಲಿ ನಮ್ಮ ತೋಡು, ಪಳ್ಳಗಳಲ್ಲಿ ಇವು ಎಷ್ಟು ಸಲ ಹೀಗೆ ತಳ ಸೇರಿದ್ದವೋ ಅಂತ ಅನಿಸುತ್ತದೆ.

ಹಸಿರು ನೀರು ಮತ್ತು ಬೇರೆ ಆಹಾರ

ಮೊಯಿನಾ ನೀರನ್ನು ಸೋಸಿ ತಿನ್ನುತ್ತದೆ. ಪಾಚಿಯ ಕಣ, ಬ್ಯಾಕ್ಟೀರಿಯಾ, ಈಸ್ಟ್ ಇದೆಲ್ಲ ಅದರ ಊಟ. ಇದರಲ್ಲಿ ಹಸಿರು ನೀರೇ ಮೇಲು. ಹಸಿರು ನೀರು ಕುಡಿದು ಬೆಳೆದ ಮೊಯಿನಾ ತಿಂದ ಮೀನಿಗೂ ಅದರ ಸತ್ವ ಸಿಗುತ್ತದೆ.

ಮಾಡುವುದು ಸುಲಭ. 20 ಲೀಟರಿನ ಕುಡಿಯುವ ನೀರಿನ ಕ್ಯಾನ್‌ನಲ್ಲಿ ಅಕ್ವೇರಿಯಂನ ಹಳೆ ನೀರು ತುಂಬಿಸಿ. ತೋಟಕ್ಕೆ ತಂದ 19:19:19 ಗೊಬ್ಬರ ಇದ್ದರೆ ಅದರಲ್ಲಿ ಒಂದು ದೊಡ್ಡ ಚಿಟಿಕೆ ಹಾಕಿ. ಪ್ಯಾಕೆಟ್ ಓದಿ, ತಾಮ್ರ ಸೇರಿಸಿದ ಗೊಬ್ಬರ ಆಗಿರಬಾರದು. ಈಗಾಗಲೇ ಹಸಿರಾದ ನೀರು ಯಾರದ್ದಾದರೂ ಮನೆಯಲ್ಲಿ ಸಿಕ್ಕಿದರೆ ಒಂದು ಲೋಟ ಸೇರಿಸಿ. ಒಳ್ಳೆಯ ಬಿಸಿಲಿಗೆ ಇಟ್ಟು ದಿನಕ್ಕೆ ಎರಡು ಸಲ ಅಲ್ಲಾಡಿಸಿ. ಬೇಸಿಗೆಯಲ್ಲಿ ಒಂದು ವಾರ ಹತ್ತು ದಿನದಲ್ಲಿ ಹಸಿರು ಕಟ್ಟುತ್ತದೆ. ಚೆನ್ನಾಗಿ ದಟ್ಟವಾದ ಮೇಲೆಯೇ ಬಳಸಿ. ಅಷ್ಟರಲ್ಲಿ ಪಾಚಿ ಗೊಬ್ಬರವನ್ನು ಹೀರಿಕೊಂಡಿರುತ್ತದೆ. ನೆರೆಮನೆಯವರು ಒಮ್ಮೆ ಕ್ಯಾನ್ ನೋಡಿ, “ಎಂತ ಮಾರಾಯ್ರೇ, ನೀರು ಹಾಳಾಗಿದೆಯಲ್ಲ, ಚೆಲ್ಲುವುದಲ್ವಾ?” ಅಂದಿದ್ದರು. ಈಗ ಅವರ ಗಪ್ಪಿ ಟ್ಯಾಂಕಿನ ಪಕ್ಕದಲ್ಲೂ ಅಂಥದ್ದೇ ಎರಡು ಕ್ಯಾನ್ ಇದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇರುವುದಿಲ್ಲ. ಆಗ ಹಸಿರು ನೀರು ನಂಬಿದರೆ ತೊಟ್ಟಿ ಉಪವಾಸ. ಬ್ರೆಡ್ಡಿಗೆ ಹಾಕುವ ಒಣ ಈಸ್ಟ್ ತನ್ನಿ. 40 ಲೀಟರಿನ ತೊಟ್ಟಿಗೆ ಕಾಲು ಚಮಚ ಹೆಚ್ಚಾಯಿತು ಅಂತಲೇ ತಿಳಿಯಿರಿ, ಒಂದು ಚಿಟಿಕೆಯಿಂದ ಶುರು ಮಾಡಿ. ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಬಟ್ಟೆಯಲ್ಲಿ ಸೋಸಿ ಹಾಕಿ. ಅದರ ಜೊತೆ ವಾರಕ್ಕೆರಡು ಸಲ ಸ್ಪಿರುಲಿನಾ ಎಂಬ ಪಾಚಿಯ ಪುಡಿ ಚಿಟಿಕೆಯಷ್ಟು ಕೊಡಿ. ಬರೀ ಈಸ್ಟ್‌ನಲ್ಲಿ ಸತ್ವ ಕಡಿಮೆ. ಹಟ್ಟಿ ಇರುವವರು ಒಣಗಿದ ಸೆಗಣಿಯನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಗೆ ಇಳಿಸುತ್ತಾರೆ. ಅದೂ ಕೆಲಸ ಮಾಡುತ್ತದೆ. ಆದರೆ ಹಸುವಿಗೆ ಇತ್ತೀಚೆಗೆ ಹುಳದ ಮದ್ದು ಕೊಟ್ಟಿದ್ದರೆ ಬೇಡ. ಮನೆಯೊಳಗೆ ಇಡುವ ಅಕ್ವೇರಿಯಂಗೆ ಸೆಗಣಿ ನೀರಿನ ಮೊಯಿನಾ ನನಗೆ ಇಷ್ಟವಿಲ್ಲ.

ಎಷ್ಟು ಹಾಕಬೇಕು ಎಂಬುದಕ್ಕೆ ಚಮಚದ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕ ನಂಬಿ. ತೊಟ್ಟಿಯ ತಳದಲ್ಲಿ ಒಂದು ಬಿಳಿ ಪಿಂಗಾಣಿ ತಟ್ಟೆ ಇಡಿ. ಆಹಾರ ಹಾಕಿದಾಗ ತಟ್ಟೆ ಮಸುಕಾಗಿ ಕಾಣಬೇಕು. ಒಂದು ಎರಡು ದಿನದೊಳಗೆ ಅದು ಮತ್ತೆ ಸ್ಪಷ್ಟವಾಗಬೇಕು. ಸ್ಪಷ್ಟವಾದ ಮೇಲೆ ಮುಂದಿನ ಊಟ. ಎರಡು ದಿನ ಕಳೆದರೂ ನೀರು ಹಾಲಿನ ಹಾಗೆಯೇ ಇದ್ದರೆ ನೀವು ಜಾಸ್ತಿ ಹಾಕಿದ್ದೀರಿ. ಉಪವಾಸದಿಂದ ಸತ್ತ ತೊಟ್ಟಿಗಿಂತ ಹೊಟ್ಟೆ ತುಂಬಿಸಲು ಹೋಗಿ ಸತ್ತ ತೊಟ್ಟಿಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಬೀಜ ಹಾಕುವುದು

ಮೊದಲ ಮೊಯಿನಾವನ್ನು ಮೀನು ಸಾಕುವ ಗೆಳೆಯರಿಂದ ತರುವುದು ಒಳ್ಳೆಯದು. ಹೊಂಡದಿಂದ ಹಿಡಿದು ತಂದರೆ ಹೈಡ್ರಾ, ಸೈಕ್ಲಾಪ್ಸ್ ಎಂಬ ಬೇರೆ ಸಣ್ಣ ನೀರುಜೀವಿಗಳು, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವೂ ಜೊತೆಗೆ ಬರುತ್ತವೆ. ಹೊಂಡದಿಂದಲೇ ತರುವುದಾದರೆ ಬಿಳಿ ಬೋಗುಣಿಯಲ್ಲಿ ಹಾಕಿ, ಡ್ರಾಪರ್‌ನಿಂದ ಮೊಯಿನಾ ಮಾತ್ರ ಹೆಕ್ಕಿ. ಕುಪ್ಪಳಿಸುತ್ತಾ ಮೇಲೆ ಏರಿ ಸ್ವಲ್ಪ ಸ್ವಲ್ಪ ಜಾರುವುದು ಮೊಯಿನಾ. ಬಾಣದ ಹಾಗೆ ಸರ್ರನೆ ನುಗ್ಗುವುದು ಸೈಕ್ಲಾಪ್ಸ್.

ಬೀಜ ಬಂದ ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಲು ಬಿಡಿ. ಆಮೇಲೆ ಗೆರಟೆಯಿಂದ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ, ಕೊನೆಗೆ ಬಿಡಿ. ಲೀಟರಿಗೆ 25 ಇದ್ದರೆ ಒಳ್ಳೆಯ ಆರಂಭ. ಕಡಿಮೆ ಇದ್ದರೂ ಚಿಂತೆ ಇಲ್ಲ, ಎರಡು ಮೂರು ದಿನ ಹೆಚ್ಚು ಕಾಯಬೇಕು ಅಷ್ಟೇ. ಆಗ ಆಹಾರವನ್ನೂ ಕಡಿಮೆ ಮಾಡಿ.

ಗಾಳಿ ಪಂಪ್ ಕಡ್ಡಾಯವಲ್ಲ. ಹಾಕುವುದಾದರೆ ಪೈಪಿನ ತುದಿಯಲ್ಲಿ ಗುಳ್ಳೆ ಸಣ್ಣದು ಮಾಡುವ ಏರ್‌ಸ್ಟೋನ್ ತೆಗೆದು, ಬರೀ ಪೈಪಿನಿಂದ ದೊಡ್ಡ ಗುಳ್ಳೆ ನಿಧಾನವಾಗಿ ಬರುವ ಹಾಗೆ ಮಾಡಿ. ಸಣ್ಣ ಗುಳ್ಳೆ ಅವುಗಳ ಚಿಪ್ಪಿನೊಳಗೆ ಸಿಕ್ಕಿಕೊಂಡರೆ ಅವು ಮೇಲೆ ತೇಲಿ, ತಿನ್ನಲಾಗದೆ ಸಾಯುತ್ತವೆ.

ಈ ದಿನಗಳಲ್ಲಿ ಮಕ್ಕಳಿಗೆ ಒಂದು ಭೂತಗನ್ನಡಿ ಕೊಡಿ. ಮೊಯಿನಾದ ಮೈ ಗಾಜಿನ ಹಾಗೆ. ಒಳಗೆ ಹೃದಯ ಪಟಪಟ ಬಡಿಯುವುದು, ಹಸಿರು ತುಂಬಿದ ಕರುಳು, ಬೆನ್ನ ಚೀಲದೊಳಗೆ ಮೊಟ್ಟೆಗಳು ಎಲ್ಲವೂ ಕಾಣುತ್ತವೆ. ಒಳ್ಳೆಯ ದಿನಗಳಲ್ಲಿ ತೊಟ್ಟಿಯಲ್ಲಿರುವುದೆಲ್ಲ ಹೆಣ್ಣೇ. ಗಂಡಿನ ಸಹವಾಸವಿಲ್ಲದೆ ಅವು ತಮ್ಮಂಥದ್ದೇ ಹೆಣ್ಣು ಮರಿ ಹಾಕುತ್ತವೆ. ಹುಟ್ಟಿದ ನಾಲ್ಕರಿಂದ ಏಳು ದಿನಕ್ಕೆ ಮರಿ ತಾಯಿಯಾಗುತ್ತದೆ. ಆಮೇಲೆ ಎರಡು ದಿನಕ್ಕೊಮ್ಮೆ ಹೊಸ ಮರಿಗಳು. ಹೊಟ್ಟೆಗೆ ಇಲ್ಲದಾಗ, ಜಾಗ ಸಾಲದಾಗ ಗಂಡು ಮರಿಗಳು ಹುಟ್ಟುತ್ತವೆ. ಆಗ ಇಡುವ ಮೊಟ್ಟೆಗೆ ಗಟ್ಟಿ ಕವಚ ಇರುತ್ತದೆ. ತೊಟ್ಟಿ ಪೂರ್ತಿ ಒಣಗಿದರೂ ಆ ಮೊಟ್ಟೆ ಸಾಯುವುದಿಲ್ಲ. ಪಾರೆಯ ಮೇಲಿನ ಬತ್ತಿದ ಹೊಂಡ ಮೊದಲ ಮಳೆಗೆ ಮತ್ತೆ ಜೀವ ತುಂಬಿಕೊಳ್ಳುವುದರ ಹಿಂದೆ ಇಂಥ ಮೊಟ್ಟೆಗಳೂ ಇವೆ.

ಹಿಡಿಯುವುದು, ತಿನ್ನಿಸುವುದು

ಬೀಜ ಹಾಕಿ ಐದರಿಂದ ಹತ್ತು ದಿನದಲ್ಲಿ ನೀರಿನಲ್ಲಿ ಮೋಡ ಕಟ್ಟಿದ ಹಾಗೆ ಮೊಯಿನಾ ಕಾಣುತ್ತದೆ. ಆವಾಗಿನಿಂದ ದಿನಕ್ಕೆ ಕಾಲು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಹಾಗಂತ ತೆಗೆಯದೆಯೂ ಇರಬೇಡಿ. ಕಿಕ್ಕಿರಿದರೆ ತೊಟ್ಟಿ ತಾನಾಗಿಯೇ ಬೀಳುತ್ತದೆ.

ನಸುಕಿನಲ್ಲಿ ನೀರಿನ ಆಮ್ಲಜನಕ ಕಡಿಮೆ ಇರುವಾಗ ಅವು ಮೇಲೆ ಬಂದಿರುತ್ತವೆ. ಆಗ ಹಿಡಿಯುವುದು ಸುಲಭ. ಸಣ್ಣ ಕಣ್ಣಿನ ಬಲೆಯಿಂದ ಮೇಲಿನ ನೀರಿನಲ್ಲಿ ಮೆಲ್ಲಗೆ ಒಮ್ಮೆ ಎಳೆಯಿರಿ. ತಳ ಕಲಕಬೇಡಿ. ಹಿಡಿದದ್ದನ್ನು ಶುದ್ಧ ನೀರಿನಲ್ಲಿ ಎರಡು ಸಲ ತೊಳೆದೇ ಮೀನಿಗೆ ಕೊಡಿ. ಸಣ್ಣ ಮರಿಗಳಿಗಾದರೆ ಚಹಾ ಸೋಸುವ ಸಣ್ಣ ಕಣ್ಣಿನ ಜರಡಿಯಲ್ಲಿ ಹಾಯಿಸಿ. ಜರಡಿಯಿಂದ ಇಳಿದದ್ದು ಮೀನುಮರಿಗೆ, ಮೇಲೆ ಉಳಿದದ್ದು ದೊಡ್ಡ ಮೀನಿಗೆ. ಬೆನ್ನಲ್ಲಿ ಮೊಟ್ಟೆ ಹೊತ್ತ ತಾಯಂದಿರಲ್ಲಿ ಸ್ವಲ್ಪವನ್ನು ತೊಟ್ಟಿಗೇ ವಾಪಸ್ ಬಿಡಿ.

ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದ ಮೊಯಿನಾ ಸಿಹಿನೀರಿನ ಅಕ್ವೇರಿಯಂನಲ್ಲಿ ಬದುಕಿಯೇ ಇರುತ್ತದೆ. ಪುಡಿ ಆಹಾರದ ಹಾಗೆ ಕೊಳೆತು ನೀರು ಕೆಡಿಸುವುದಿಲ್ಲ. ಮೊಯಿನಾದ ಒಣ ತೂಕದಲ್ಲಿ ಸುಮಾರು ಅರ್ಧ ಪ್ರೊಟೀನ್. ಆದರೆ ಜೀವಂತ ಇರುವಾಗ ಅದರ ಮೈಯಲ್ಲಿ ಹೆಚ್ಚಿನದ್ದೆಲ್ಲ ನೀರೇ. ಹಾಗಾಗಿ ದೊಡ್ಡ ಮೀನುಗಳಿಗೆ ಇದೊಂದನ್ನೇ ನೆಚ್ಚಬೇಡಿ. ಒಣ ಆಹಾರವೂ ಇರಲಿ.

ತೊಟ್ಟಿ ಕೆಡುತ್ತಿದೆ ಅಂತ ತಿಳಿಯುವುದು

ಮೊಯಿನಾ ಕೆಂಪಗಾದರೆ ನೀರಿನಲ್ಲಿ ಆಮ್ಲಜನಕ ಕಡಿಮೆ. ಅವು ತಮ್ಮ ಮೈಯಲ್ಲಿ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಂಡಿವೆ ಎಂದರ್ಥ. ಅದು ರೋಗವಲ್ಲ, ಎಚ್ಚರಿಕೆ. ಒಂದು ದಿನ ಊಟ ನಿಲ್ಲಿಸಿ, ಗಾಳಿ ಕೊಡಿ. ಬೆನ್ನ ಮೇಲೆ ಕಂದು ಬಣ್ಣದ ಗಟ್ಟಿ ಮೊಟ್ಟೆ ಕಾಣಿಸಿದರೆ ಹಸಿವೋ ಇಕ್ಕಟ್ಟೋ ಇದೆ. ನೀರು ನಾತ ಹೊಡೆದರೆ ಕಾಯಬೇಡಿ. ಬದುಕಿರುವುದನ್ನು ಬಲೆಯಲ್ಲಿ ಹಿಡಿದು ಹೊಸ ನೀರಿಗೆ ಹಾಕಿ, ಆ ತೊಟ್ಟಿ ತೊಳೆದು ಒಣಗಿಸಿ.

ವಾರಕ್ಕೊಮ್ಮೆ ತಳದ ಕೆಸರನ್ನು ಸಣ್ಣ ಪೈಪಿನಿಂದ ಹೀರಿ, ಕಾಲು ಪಾಲು ನೀರು ಬದಲಿಸಿ. ಆ ಕೆಸರನ್ನು ಚೆಲ್ಲಬೇಡಿ. ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ, ಡಬ್ಬಿಯಲ್ಲಿ ಹಾಕಿಡಿ. ಅದರಲ್ಲಿ ಗಟ್ಟಿ ಮೊಟ್ಟೆಗಳಿದ್ದರೆ ಮುಂದೆ ಒಂದು ದಿನ ನೀರಿಗೆ ಹಾಕಿದಾಗ ಮತ್ತೆ ಮರಿ ಸಿಗಬಹುದು. ಮೂರೂ ತೊಟ್ಟಿ ಬಿದ್ದವನಿಗೆ ಆ ಡಬ್ಬಿಯೇ ಆಸರೆ.

ಇನ್ನೊಂದು ಆಸರೆ ಗೆಳೆಯರ ಮನೆ. ನಿಮ್ಮ ತೊಟ್ಟಿ ತುಂಬಿದಾಗ ಕೇಳಿದವರಿಗೆಲ್ಲ ಬೀಜ ಕೊಡಿ. ಒಂದು ಲೀಟರಿನ ಬಾಟಲಿಗೆ ಅರ್ಧ ಮಾತ್ರ ನೀರು, ಉಳಿದರ್ಧ ಗಾಳಿ. ಮೊಯಿನಾ ತೆಳುವಾಗಿ ಇರಲಿ, ಆ ದಿನ ಊಟ ಹಾಕಬೇಡಿ. ಬಿಸಿಲು ಇಳಿದ ಮೇಲೆ ಒದ್ದೆ ಬೈರಾಸದಲ್ಲಿ ಸುತ್ತಿ ಕಳಿಸಿದರೆ ಬದಿಯಡ್ಕದಿಂದ ಮಂಗಳೂರಿನವರೆಗೆ ಬಸ್ಸಿನಲ್ಲಿ ಹೋದರೂ ಏನೂ ಆಗುವುದಿಲ್ಲ. ಮನೆ ಮುಟ್ಟಿದ ಕೂಡಲೇ ಮುಚ್ಚಳ ತೆಗೆಯಲು ಹೇಳಿ.